ಹಿತ್ತಲಿನ ತನಕ

ಮೊಮ್ಮಕ್ಕಳೇ, ನನ್ನ ದೃಷ್ಟಿ ಮುಕ್ಕಾಲು ಹೋದ ಮೇಲೆ, ಕಣ್ಣು ಕಾಣದ ಮುದುಕರಿಗೆ ನಡೆಯಲು ಕಲಿಸುವವರೊಬ್ಬರು ಹೊಸಪೇಟೆಯಿಂದ ನಮ್ಮ ಮಲಪನಗುಡಿಗೆ ಬಂದರು. ಯಾರನ್ನೂ ಕೂಗದೆ ಹಿತ್ತಲಿನ ಕಕ್ಕಸಿಗೆ ಹೋಗಿಬರುವುದನ್ನು ಕಲಿತರೆ ಸಾಕೆಂದಿದ್ದೆ.

“ಮೊದಲ ನನ್ನ ಮೊಣಕೈ ಹಿಡೀರಿ ಅಮ್ಮಾ, ಕೋಲು ಆಮ್ಯಾಲೆ,” ಎಂದರು. ಪರ ಗಂಡಸಿನ ಕೈ. ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು.

“ಹಿಡಿಬೇ, ನಿನ್ನೇನ್ ಓಡಿಸ್ಕೊಂಡ್ ಹೋಗಾಂಗಿಲ್ಲ ಅಂವ!” ಎಂದು ಪಕ್ಕದ ಮನೆಯಾಕೆ ಕೂಗಿದಳು. ಎಲ್ಲರೂ ನಕ್ಕರು. ನಾನು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡೆ.

ಕಲಿಸಲು ಹೆಂಗಸರನ್ನೇ ಕಳಿಸುತ್ತೇವೆಂದು ಹೇಳಿ ಅವರು ಹೋದರು. ಯಾರೂ ಬರಲಿಲ್ಲ. ನಿಮ್ಮಪ್ಪ ಫೋನ್ ಮಾಡಿ ಕೇಳಿದರೆ, ಅಂಥ ಹೆಂಗಸರು ಸಿಗಲಿಲ್ಲ, ಹಳ್ಳಿಗೆ ಬರುವುದನ್ನೇ ನಿಲ್ಲಿಸಿದ್ದೇವೆ ಎಂದರಂತೆ.

ಈಗಲೂ ನಿಮ್ಮ ತಾಯಿಯನ್ನೇ ಕೂಗಬೇಕು. ಆಕೆ ಊಟಕ್ಕೆ ಕೂತಿದ್ದರೆ ಕೂಗದೆ ತಡೆದುಕೊಂಡು ಕುಳಿತಿರುತ್ತೇನೆ.