ಮದುವೆಗೆ ಮೊದಲೇ ಬಂದ ಆಲ್ಬಮ್

೧೯೯೩ರಲ್ಲಿ ಎಂಟನೇ ತರಗತಿ ಅರ್ಧಕ್ಕೆ ಬಿಟ್ಟು, ಗೋಕಾಕದಿಂದ ಹುಕ್ಕೇರಿಗೆ ಓಡುವ ಟೆಂಪೋದಲ್ಲಿ ಕ್ಲೀನರ್ ಆದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬೆಂಚಿನ ಮೇಲೆ ಕೂತರೆ ನನ್ನ ಕಾಲು ಸುಮ್ಮನಿರುತ್ತಿರಲಿಲ್ಲ. ಬಾಗಿಲಿಗೆ ಜೋತುಬಿದ್ದು, ತಗಡು ಬಡಿಯುತ್ತ, ಒಂದೇ ಉಸಿರಿನಲ್ಲಿ ಕೂಗುತ್ತಿದ್ದೆ: “ಏರ್ರಿ ಏರ್ರಿ ಕೊಣ್ಣೂರ ಏರ್ರಿ, ಸರೀರಿ ಸರೀರಿ ಬಾಜೂ ಸರೀರಿ, ಅತ್ತಿ ಕುಂದರ್ರಿ, ಸೊಸಿ ನಿಂದರ್ರಿ!” ಜನ ನಗುತ್ತ ನಮ್ಮದಕ್ಕೇ ಹತ್ತುತ್ತಿದ್ದರು. ಹಿಂದಿನ ಟೆಂಪೋದವನು ಖಾಲಿ ನಿಂತು ನನ್ನನ್ನು ಬೈಯುತ್ತಿದ್ದ.

ಕೆಲವು ವರ್ಷಗಳ ಮೇಲೆ ಹಿಂದಿಯ ಪಟಪಟ ಮಾತಿನ ರ‍್ಯಾಪ್ ಕ್ಯಾಸೆಟ್‌ಗಳು ನಮ್ಮ ಕಡೆಗೂ ಬಂದವು. ಗೋಕಾಕ ಬಸ್ ಸ್ಟ್ಯಾಂಡ್ ಬಳಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಕಾಕಾ ನನ್ನನ್ನು ತಡೆದು ನಿಲ್ಲಿಸಿದರು. “ಅವ್ರು ಮಾಡೂದೂ ಇದನ್ನ ಅಲ್ಲೇನೋ? ನೀ ಕನ್ನಡದಾಗ ಒದರು, ನಾ ಕ್ಯಾಸೆಟ್ಟಿಗೆ ತುಂಬಸ್ತೇನಿ.”

ಒಂದು ಡೊಳ್ಳು, ಒಂದು ಕೀಬೋರ್ಡ್, ನನ್ನ ಗಂಟಲು. ಕವರಿನ ಮೇಲೆ ನನ್ನ ಫೋಟೋ ಹಾಕಲಿಲ್ಲ. ಕರಿ ಕನ್ನಡಕದ ಯಾವನೋ ಒಬ್ಬನಿದ್ದ. ಆದರೂ ಕಬ್ಬಿನ ಹಂಗಾಮು ಶುರುವಾದಾಗ ಟ್ರ್ಯಾಕ್ಟರ್‌ಗಳಲ್ಲೆಲ್ಲ ಅದೇ ಕ್ಯಾಸೆಟ್. ಕಾಕಾ ತುಂಬಿಸಿ ತುಂಬಿಸಿ ಸುಸ್ತಾದರು. “ನಿನ್ನ ಮೊದಲ್ನೇ ಆಲ್ಬಮ್ ಹಿಟ್ ಆತಲೇ!” ಎಂದರು.

ಆ ಮಾತು ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. “ನಂದು ಆಲ್ಬಮ್ ಬಂದೈತಿ” ಎಂದು ಸಿಕ್ಕವರಿಗೆಲ್ಲ ಹೇಳಿದೆ. ನಮ್ಮ ಊರುಗಳಲ್ಲಿ ಆಗ ಆಲ್ಬಮ್ ಎಂದರೆ ಒಂದೇ: ಮದುವೆ ಫೋಟೋಗಳದ್ದು. ಅದೇ ಹೊತ್ತಿಗೆ ಮಸಗುಪ್ಪಿಯಲ್ಲಿ ಹೆಣ್ಣು ನೋಡಿ ಬಂದಿದ್ದೆವು, ಮಾತು ಮುಗಿಯುವುದಷ್ಟೇ ಬಾಕಿ. ಸುದ್ದಿ ಅಲ್ಲಿಗೂ ಮುಟ್ಟಿತು. ಎರಡನೇ ಸಂಬಂಧಕ್ಕೆ ಮಗಳನ್ನು ಕೊಡುವುದಿಲ್ಲ ಎಂದು ಹೇಳಿ ಕಳಿಸಿದರು.

ನಿಂತಲ್ಲಿ ನಿಲ್ಲಲಾಗಲಿಲ್ಲ. ಹುಕ್ಕೇರಿ ಬಂದರೂ ಕೊಣ್ಣೂರ ಎಂದು ಕೂಗಿ ಬೈಸಿಕೊಂಡೆ. ಚಹಾ ಕೊಡುವಾಗ ನನ್ನತ್ತ ನೋಡಿ ನಕ್ಕಿದ್ದ ಹುಡುಗಿ; ಒಂದು ಮಾತಿನ ತಪ್ಪಿಗೆ ಅವಳು ಕೈತಪ್ಪುವುದೆಂದರೇನು? ಕ್ಯಾಸೆಟ್ ಜೇಬಿನಲ್ಲಿಟ್ಟುಕೊಂಡು ಮೂಡಲಗಿ ಬಸ್ಸು ಹತ್ತಿ ಮಸಗುಪ್ಪಿಗೆ ಹೋದೆ.

ಹುಡುಗಿಯ ಅಪ್ಪ ಕೂರು ಎನ್ನಲಿಲ್ಲ. “ಮೊದಲ್ನೇ ಹೇಂತಿನ ಕರಕೊಂಡು ಬಂದಿಲ್ಲೇನ್ರಿ?”

“ಮದವೀನ ಆಗಿಲ್ರಿ ಮಾಮಾ. ಆಲ್ಬಮ್ ಅಂದ್ರ ಇದ್ರಿ, ಕ್ಯಾಸೆಟ್. ಹಾಡಿದಾಂವ ನಾನರಿ.”

“ಕ್ಯಾಸೆಟ್ಟಿಗೆ ಆಲ್ಬಮ್ ಅಂತಿ. ನಾಳಿ ಹೇಂತಿಗೆ ಏನಂತೀಯೋ!” ಕವರ್ ತಿರುಗಿಸಿ ನೋಡಿದರು. “ಇಂವ ನೀ ಅಲ್ಲ.”

ವಾದ ಮಾಡುವ ತಾಳ್ಮೆ ನನಗೆಲ್ಲಿಯದು? ಅಂಗಳದಲ್ಲಿದ್ದ ಅವರ ಟ್ರ್ಯಾಕ್ಟರಿನ ತಗಡು ಬಡಿಯುತ್ತ ಮೊದಲ ಹಾಡು ಪೂರಾ ಒದರಿಬಿಟ್ಟೆ. ಒಳಗಿನಿಂದ ಹುಡುಗಿಯ ದನಿ ಬಂತು: “ಅಪ್ಪಾ, ಇದನ್ನ ಟ್ರ್ಯಾಕ್ಟರ್‌ದಾಗ ದಿನಾ ಹಚ್ಚಿ ತಲಿ ಅಲ್ಲಾಡಸ್ತಿಯಲ್ಲ!”

ಅವರು ಮೀಸೆಯೊಳಗೇ ನಕ್ಕರು. “ಖರೇನ, ಅದ ದನಿ ಐತಿ. ಕುಂದರ್ರಿ. ಏ, ಚಾ ತಾರವಾ.”

ಆ ವರ್ಷವೇ ಮದುವೆಯಾಯಿತು. ಎರಡನೇ ಕ್ಯಾಸೆಟ್ ಓಡಲಿಲ್ಲ, ಜನ ಅಷ್ಟರಲ್ಲಿ ಸಿಡಿಗೆ ಹೋಗಿದ್ದರು. ನಾನು ಹಾಡು ಬಿಟ್ಟೆ, ರಸ್ತೆ ಬಿಡಲಿಲ್ಲ. ಕ್ಲೀನರ್ ಇದ್ದವನು ಡ್ರೈವರ್ ಆದೆ, ಡ್ರೈವರ್ ಇದ್ದವನು ಮಾಲಕನಾದೆ. ಈಗ ನನಗೆ ಮಸಗುಪ್ಪಿಯ ಹೆಂಡತಿ, ಇಬ್ಬರು ಮಕ್ಕಳು, ಯಮಕನಮರಡಿಯಲ್ಲಿ ಮೂರು ಖೋಲಿಯ ಮನೆ, ನನ್ನ ಹೆಸರಿನಲ್ಲಿ ಎರಡು ಟೆಂಪೋ.