ಚಕ್ರದಡಿಯ ಮರದ ತುಂಡು

ಪುಣೆಯ ರೈಲ್ವೆ ಯಾರ್ಡಿನಲ್ಲಿ ನನ್ನ ಕೆಲಸ ಇಷ್ಟೇ: ನಿಲ್ಲಿಸಿದ ಗೂಡ್ಸ್ ವ್ಯಾಗನ್‌ಗಳು ತಾವಾಗಿ ಉರುಳದಂತೆ ನೋಡಿಕೊಳ್ಳುವುದು. ಕೈಬ್ರೇಕು ಬಿಗಿದು, ಚಕ್ರದಡಿಗೆ ಮರದ ತುಂಡು ಒತ್ತಬೇಕು. ಹಳೇ ವ್ಯಾಗನ್ನಿನ ಬ್ರೇಕನ್ನು ನಂಬುವಂತಿಲ್ಲ, ತುಂಡೇ ಗಟ್ಟಿ. ನನ್ನ ಯಜಮಾನರು ಇದೇ ಯಾರ್ಡಿನಲ್ಲಿ ತೀರಿಹೋದರು. ಅವರ ಬದಲಿಗೆ ನನಗೆ ಕೆಲಸ ಕೊಟ್ಟರು. ಅವರು ಹೋದ ಜಾಗವನ್ನು ದಿನಾ ದಾಟಿಕೊಂಡೇ ಹಾಜರಿ ಹಾಕಬೇಕು. ಎಂಥ ಹಣೆಬರಹ ನೋಡಿ!

ಬೇಸಿಗೆಯಲ್ಲಿ ಯಾರ್ಡಿನಲ್ಲಿ ನೆರಳೆಂದರೆ ವ್ಯಾಗನ್ನಿನದೇ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಜಲ್ಲಿಕಲ್ಲು ಚುಚ್ಚುತ್ತದೆಂದು ಜೊತೆ ಕೆಲಸದವರು ಚಕ್ರದಡಿಯ ಆ ಮರದ ತುಂಡನ್ನೇ ಎಳೆದು, ಅದರ ಮೇಲೆ ಕೂತು, ಹಳಿಯ ಮೇಲೆ ಕಾಲು ಚಾಚುತ್ತಾರೆ. ಉಂಡೆದ್ದು ಮತ್ತೆ ಇಟ್ಟರಾಯಿತು ಅಂತ. ನನ್ನವರೂ ಹಾಗೇ ಕೂತಿದ್ದರು. ಅತ್ತ ತುದಿಯಲ್ಲಿ ಎಂಜಿನ್ ಒಂದು ಸಲ ಗುದ್ದಿತು, ಇತ್ತ ವ್ಯಾಗನ್ ಸರಿಯಿತು. ಅಂದು ಬೆಳಿಗ್ಗೆ ಚಟ್ನಿಗೆ ಖಾರ ಸಾಲದೆಂದು ನನ್ನನ್ನು ಕಾಡಿಸಿ, ನಗುತ್ತಾ ಹೋಗಿದ್ದರು.

ಅದಕ್ಕೇ ಊಟದ ಹೊತ್ತಿಗೆ ನಾನು ಸಾಲುಸಾಲು ತಿರುಗಿ ಎಲ್ಲರನ್ನೂ ಎಬ್ಬಿಸುತ್ತೇನೆ. ಕಂಡ ಕೂಡಲೇ ‘ಬಾಯಿ ಆಲೀ’, ಬಂದಳು ಹೆಂಗಸು, ಎಂದು ಮರಾಠಿಯಲ್ಲಿ ಗೊಣಗಿ ಮುಖ ಗಂಟಿಕ್ಕುತ್ತಾರೆ. ಯಾರೂ ಜೊತೆಗೆ ಉಣ್ಣಲು ಕರೆಯುವುದಿಲ್ಲ. ದೇಹೂ ರೋಡಿನ ನನ್ನ ಖೋಲಿಯಲ್ಲೂ ಗೋಡೆ ಬಿಟ್ಟರೆ ಯಾರಿಲ್ಲ. ಕನ್ನಡದಲ್ಲಿ ನಾಲ್ಕು ಮಾತಾಡಲು ಇದ್ದವರು ಯಾರ್ಡಿನ ಒಬ್ಬ ಹಿರಿಯರು, ಬೆಳಗಾವಿ ಕಡೆಯವರು. ಅಣ್ಣ ಎನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಅವರೂ ತುಂಡಿನ ಮೇಲೆ ಕೂತಿದ್ದರು.

“ಏಳ್ರಿ ಅಣ್ಣಾ.”

“ಎರಡು ತುತ್ತು ಉಳದಾವ, ಸುಮ್ನಿರವ್ವಾ.”

ತಲೆ ಕೆಟ್ಟಿತು. ತೋಳು ಹಿಡಿದು ಎಬ್ಬಿಸಿ ತುಂಡು ಕಿತ್ತುಕೊಂಡೆ. ಡಬ್ಬಿ ಉರುಳಿ ಪಲ್ಯವೆಲ್ಲ ಜಲ್ಲಿಯ ಪಾಲಾಯಿತು.

“ಭಾಳ ಆತು ನಿಂದು! ನಿನ್ನ ಗಂಡಗ ಆಗಿದ್ದು ಊರ ಮಂದಿಗೆಲ್ಲಾ ಆಗತೈತೇನು? ಇನ್ನ ನನ್ನ ಜೋಡಿ ಮಾತಾಡಬ್ಯಾಡ.”

ಆದರೂ ತುಂಡನ್ನು ಚಕ್ರದಡಿಗೆ ಒದ್ದು ಸೇರಿಸಿಯೇ ಬಂದೆ. ಅಣ್ಣ ಆಡಿದ ಮಾತಿನಂತೆಯೇ ನಡೆದರು. ಎದುರಿಗೆ ಸಿಕ್ಕರೂ ಇಲ್ಲ, ಹಬ್ಬಕ್ಕೂ ಇಲ್ಲ. ಖೋಲಿಗೆ ಬಂದು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಕೆಲವು ತಿಂಗಳ ಮೇಲೆ, ಊಟದ ಹೊತ್ತಿನಲ್ಲಿ, ಅವರ ಸಾಲಿನ ಕಡೆಯಿಂದ ವ್ಯಾಗನ್‌ಗಳು ಗುದ್ದಿದ ಸದ್ದು ಕೇಳಿತು. ಬಿದ್ದೆನೋ ಎದ್ದೆನೋ ಎಂದು ಓಡಿದೆ. ವ್ಯಾಗನ್ ಗೇಣಷ್ಟು ಸರಿದು, ಮರದ ತುಂಡಿಗೆ ತಗುಲಿ ನಿಂತಿತ್ತು. ಆ ಸಾಲಿಗೆ ಅಂದು ನಾನಿನ್ನೂ ಹೋಗಿರಲಿಲ್ಲ. ತುಂಡು ಒತ್ತಿದವರು ಅಣ್ಣನೇ. ಅವರು ಹಳಿಯಾಚೆ, ಬೇವಿನ ಮರದ ಅರೆನೆರಳಿನಲ್ಲಿ, ಬರೀ ನೆಲದ ಮೇಲೆ ಕೂತಿದ್ದರು.

ನನ್ನನ್ನು ನೋಡಿದರು. ಬಾ ಎನ್ನಲಿಲ್ಲ. ಮುಖ ತಿರುಗಿಸಿ ರೊಟ್ಟಿ ಮುರಿದರು.

ಇವತ್ತಿಗೂ ನಮ್ಮಲ್ಲಿ ಮಾತಿಲ್ಲ. ನನ್ನವರು ಅಷ್ಟು ಮಾತಾಡಿ ಹೋದವರು ತಿರುಗಿ ಬರಲಿಲ್ಲ. ಅಣ್ಣ ಒಂದು ಮಾತೂ ಆಡದೆ ಸಂಜೆ ಸೈಕಲ್ ಹತ್ತಿ ಮನೆಗೆ ಹೋಗುತ್ತಾರೆ. ಅವರು ತಿರುವು ದಾಟುವ ತನಕ ಗೇಟಿನ ಬಳಿ ನಿಂತಿದ್ದು, ಆಮೇಲೆ ನಾನೂ ಹೊರಡುತ್ತೇನೆ.