ಮೆರ್ಲ್ ಕೊಟ್ಟ ಎರಡು ಉತ್ತರ

ಮೂಂಟಾ ಎಂಬ ಸಣ್ಣ ಊರಿನ ನಮ್ಮ ಶಾಲೆಯಲ್ಲಿ ಮೆರ್ಲ್ ಟ್ರೆಜೈಸ್ ಮೂವತ್ತೊಂದು ವರ್ಷ ಕಸ ಗುಡಿಸಿದಳು. ಕರಿಹಲಗೆಯ ಮೇಲೆ ನಾನು ತಪ್ಪು ಬರೆದಿದ್ದರೆ ಅದನ್ನು ಒರೆಸದೆ ಉಳಿಸಿ, ಮರುದಿನ ಬಾಗಿಲಲ್ಲೇ, "ಮೇಷ್ಟ್ರೇ, ಎರಡನೇ ಸಾಲು ನೋಡ್ಕೊಳ್ಳಿ" ಎಂದು ನಗುತ್ತಿದ್ದಳು.

ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಅವಳ ಸೊಂಟ ಮುರಿಯಿತು. ಸ್ನಾನ ಮಾಡಿಸಲು ವಾರಕ್ಕೆ ಮೂರು ಸಲ ಒಬ್ಬ ಸಹಾಯಕಿ ಬಂದರೆ ಮನೆಯಲ್ಲೇ ಇರಬಹುದು, ಇಲ್ಲವಾದರೆ ವೃದ್ಧಾಶ್ರಮ.

ಸಹಾಯಕಿಯನ್ನು ಕಳಿಸಬೇಕೇ ಎಂಬ ವಿಚಾರಣೆಗೆ ಸರ್ಕಾರದ ಕಡೆಯಿಂದ ಬ್ರೇಡನ್ ಎಂಬ ಹುಡುಗುಮುಖದ ಅಧಿಕಾರಿ ಟ್ಯಾಬ್ ಹಿಡಿದು ಬಂದ. ಅವನು ಕೇಳುವುದು, ಉತ್ತರಗಳಿಗೆ ಟ್ಯಾಬಿನೊಳಗಿನ ಯಂತ್ರ ಅಂಕ ಕೊಟ್ಟು ತೀರ್ಮಾನಿಸುವುದು. ಬಂದವರ ಮುಂದೆ ಮನೆ ಹೊಲಸಾಗಿರಬಾರದೆಂದು ಮೆರ್ಲ್ ಹಿಂದಿನ ದಿನವೆಲ್ಲ ಆಸರೆಗೆ ಕುರ್ಚಿ ತಳ್ಳಿಕೊಂಡು ನೆಲ ಒರೆಸಿದ್ದಳು, ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ಬೇಯಿಸಿದ್ದಳು. ಸ್ನಾನ, ಶೌಚ, ಅಡುಗೆ, ಏನು ಕೇಳಿದರೂ "ಪರವಾಗಿಲ್ಲಪ್ಪಾ, ನಡೀತಿದೆ" ಎಂದಳು. ನಮ್ಮೂರಿನಲ್ಲಿ ಹೊರಗಿನವರೆದುರು ಯಾರೂ ಗೋಳು ಹೇಳಿಕೊಳ್ಳುವುದಿಲ್ಲ. ಯಂತ್ರ ಆ ಮಾತನ್ನು ನಂಬಿತು. ಸಹಾಯಕಿ ಬರಲಿಲ್ಲ.

ನಾನು ಬೈದೆ. ಮರುವಿಚಾರಣೆಗೆ ಅರ್ಜಿ ಬರೆದುಕೊಟ್ಟು, ಈ ಸಲ ಏನನ್ನೂ ಮುಚ್ಚಿಡಬೇಡವೆಂದು ಪಾಠ ಹೇಳಿದೆ. ಐದು ತಿಂಗಳಾದ ಮೇಲೆ ಬ್ರೇಡನ್ ಮತ್ತೆ ಬಂದ. ಮೆರ್ಲ್ ಗೋಡೆ ನೋಡುತ್ತ ಎಲ್ಲವನ್ನೂ ಹೇಳಿದಳು. ಮೈ ತೊಳೆದು ಹದಿನೇಳು ದಿನವಾಗಿತ್ತು. ಬಟ್ಟೆಯಲ್ಲೇ ಮೂತ್ರವಾಗುತ್ತಿತ್ತು, ಒಣಗಿದ ಮೇಲೆ ಅದನ್ನೇ ತೊಡುತ್ತಿದ್ದಳು.

ಯಂತ್ರ ಎರಡೂ ಸಲದ ಉತ್ತರಗಳನ್ನು ಹೋಲಿಸಿತು. ಒಂದಕ್ಕೊಂದು ತಾಳೆಯಾಗದ್ದರಿಂದ ಇವಳ ನೆನಪು ಕೆಟ್ಟಿದೆ, ಮಾತನ್ನು ಆಧಾರವಾಗಿ ಹಿಡಿಯಬಾರದು ಎಂದು ದಾಖಲಿಸಿತು.

ಇದನ್ನು ತಿದ್ದಪ್ಪಾ ಎಂದು ಬ್ರೇಡನ್‌ಗೆ ಹೇಳಿದೆ. ಅವನ ಮುಖ ಕೆಂಪಾಯಿತು. "ಇವ್ರ ತಲೆ ಸರಿಯಾಗೇ ಇದೆ ಅಂತ ನಂಗೂ ಗೊತ್ತು ಸರ್. ತಿದ್ದೋ ಅಧಿಕಾರ ನಂಗಿಲ್ಲ. ಇನ್ಮೇಲೆ ಇವ್ರ ಬದಲು ಬೇರೆಯವ್ರು ಉತ್ತರ ಕೊಡ್ಬೇಕು."

ಅವಳಿಗೆ ಬಂಧುಗಳಿರಲಿಲ್ಲ. ಬ್ರೇಡನ್ ನನ್ನ ಹೆಸರು ಬರೆದುಕೊಂಡು, ತನ್ನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ವೃದ್ಧಾಶ್ರಮಕ್ಕೆ ಹೋಗೋಕೆ ಮೆರ್ಲ್ ಒಪ್ತಾರಾ?"

"ಒಪ್ಪಲ್ಲ," ಎಂದಳು ಮೆರ್ಲ್. "ಇಲ್ಲೇ ಕೂತಿದೀನಲ್ಲೋ, ನನ್ನೇ ಕೇಳು."

ಅವನು ಬೆರಳನ್ನು ಟ್ಯಾಬಿನ ಮೇಲೆ ಹಿಡಿದು ನನ್ನ ಬಾಯಿ ನೋಡುತ್ತ ಕಾದ. ಒಪ್ಪುವುದಿಲ್ಲವೆಂದು ನಾನೂ ಹೇಳಿದೆ. ಆದರೆ ನೆನಪು ಕೆಟ್ಟವರು ಒಂಟಿಯಾಗಿರುವಂತಿಲ್ಲವೆಂಬ ನಿಯಮವೂ ಆ ಯಂತ್ರದಲ್ಲಿತ್ತು.

ಆಗಸ್ಟಿನಲ್ಲಿ ಅವಳನ್ನು ಪಕ್ಕದೂರಿನ ವೃದ್ಧಾಶ್ರಮಕ್ಕೆ ಸಾಗಿಸಿದರು. ಅಲ್ಲಿ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿಸುತ್ತಾರೆ. ಅವಳು ಬೇಡವೆಂದರೆ, ನನಗೆ ಫೋನ್ ಮಾಡಿ ಕೇಳುತ್ತಾರೆ.